ಅಂಗಳದ ಕಣಗಿಲೆ

ಕಾಪು ಪಡುಬಿದ್ರಿಗಳ ನಡುವೆ ಕಡಲ ಮಗ್ಗುಲಲ್ಲಿರುವ ಊರು ಎರ್ಮಾಳ್. ಇಂತಹ ಕರೆನಾಡಿನ ಉಪ್ಪುಗಾಳಿಯನ್ನೂ ಮರಳುನೆಲವನ್ನೂ ತಾಳಿಕೊಂಡು ಹೂವೀಯುವ ಗಿಡಗಳಲ್ಲಿ ಕಣಗಿಲೆ ಒಂದು. ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆ ಅದರ ದಾಯಾದಿ. ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದ ಕಿರುಮರ. ಇವು ಹೆಚ್ಚು ನೀರು ಬೇಡವು. ಪೂಜೆಗೆ ಹೂ ಒದಗಿಸುವುವು. ದನಗಳೂ ಸಾಮಾನ್ಯವಾಗಿ ಮುಟ್ಟವು. ಬೇಲಿಗೆ ಇನ್ನೇನು ಬೇಕು?

ಆದರೆ ದನ ಏಕೆ ಮುಟ್ಟದೆಂಬುದನ್ನು ನಾವು ವಿಚಾರಿಸಬೇಕು. ಕಣಗಿಲೆಗೆ ಸಂಸ್ಕೃತದಲ್ಲಿ ಕರವೀರವೆಂಬ ಹೆಸರಿರುವಂತೆ ಅಶ್ವಮಾರಕ, ಎಂದರೆ ಕುದುರೆಯನ್ನು ಕೊಲ್ಲುವುದು, ಎಂಬ ಹೆಸರೂ ಉಂಟು. ಎಲೆ, ಹೂ, ತೊಗಟೆ, ಬೇರು, ಬೀಜ ಎಲ್ಲವೂ ವಿಷವೇ. ಈ ವಿಷವು ಹೃದಯದ ಜೀವಕಣಗಳಲ್ಲಿ ಸೋಡಿಯಂ ಪೊಟ್ಯಾಸಿಯಂಗಳ ಸಮತೋಲನವನ್ನು ಕೆಡಿಸುತ್ತದೆ. ಮೊದಲು ವಾಂತಿ, ಹೊಟ್ಟೆನೋವು. ಅನಂತರ ನಾಡಿ ನಿಧಾನವಾಗಿ ಲಯ ತಪ್ಪುತ್ತದೆ. ಹೃದಯ ನಿಂತುಹೋಗುವುದೂ ಉಂಟು.

ಹಸಿಯೆಲೆಯ ಕಹಿಯೇ ದನಗಳಿಗೆ ಕಾವಲು. ಬೇಲಿಯನ್ನು ಸವರಿ ರಾಶಿಹಾಕಿದ ಸೊಪ್ಪು ಬಾಡಿದರೆ, ಅಥವಾ ಹುಲ್ಲಿನೊಡನೆ ಬೆರೆತರೆ, ಆ ಕಾವಲು ಸಡಿಲುತ್ತದೆ. ವಿಷ ಮಾತ್ರ ಉಳಿದೇ ಇರುತ್ತದೆ. ಒಣಗಿಸಿದರೂ ಕುದಿಸಿದರೂ ಅದು ಹೋಗದು. ಕಟ್ಟಿದ ಹಸು, ಮೇಕೆ, ಕಂಡುದನ್ನು ಕಚ್ಚುವ ನಾಯಿಮರಿ, ಹಳದಿ ಕಣಗಿಲೆಯ ಕಾಯಿಯನ್ನು ಆಟಿಕೆಯೆಂದು ಹಿಡಿವ ಮಗು, ಇವರಿಗೆಲ್ಲ ಅಪಾಯವು ಒಂದೇ.

ನೆರೆಯ ಕೇರಳದಲ್ಲಿ ಕಣಗಿಲೆಗೆ ಅರಳಿಯೆಂದು ಹೆಸರು. 2024ರಲ್ಲಿ ಇದರ ಎಲೆಯನ್ನು ಅಗಿದುದರಿಂದ ಆಯಿತೆಂದು ಶಂಕಿಸಲಾದ ಒಂದು ಮರಣವು ಅಲ್ಲಿ ಸುದ್ದಿಯಾಯಿತು. ಆ ವರ್ಷದ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರು ದೇವಸ್ವಂ ಮಂಡಳಿಗಳು ನೈವೇದ್ಯ ಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ವಿಧಿಸಿದುವು.

ಯಾರಾದರೂ ಇದನ್ನು ತಿಂದರೆಂದು ತಿಳಿದೊಡನೆ, ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಗಿಡದ ಒಂದು ಎಲೆಯನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ. ಮನೆಯಲ್ಲಿ ಬಲವಂತವಾಗಿ ವಾಂತಿ ಮಾಡಿಸಬಾರದು. ಪ್ರಾಣಿಗಳಾದರೆ ಪಶುವೈದ್ಯರನ್ನು ಕೂಡಲೇ ಕಾಣಬೇಕು.

ಇರುವ ಗಿಡಗಳನ್ನೆಲ್ಲ ಕಡಿಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸವರಿದ ಸೊಪ್ಪನ್ನು ಅಂದೇ ಹೂಳಿರಿ. ಸುಡಬೇಡಿರಿ, ಅದರ ಹೊಗೆಯೂ ಹಿತವಲ್ಲ. ಹಸುಗೂಸು, ಹಟ್ಟಿ ಇರುವ ಮನೆಯಲ್ಲಿ ಹೊಸತಾಗಿ ನೆಡುವುದಾದರೆ ದಾಸವಾಳವೋ ಕೇಪಳವೋ ಇರಲಿ. ದೇವರಿಗೆ ಹೂವೂ ದೊರೆಯುವುದು, ಮನೆಗೆ ನೆಮ್ಮದಿಯೂ ಉಳಿಯುವುದು.