ಮೊಹರು ಮಾಡಿದ ಲಕೋಟೆ

ಟೆಂಡರು ಎಂಬ ಮಾತು ನಮ್ಮದಲ್ಲ. ಆದರೆ ಅದರ ಮೂಲಾರ್ಥ ಸರಳವಾದುದು: ಮುಂದೆ ಚಾಚುವುದು, ನೀಡುವುದು. ಸರ್ಕಾರಕ್ಕೆ ಸೇತುವೆ ಬೇಕು, ಔಷಧ ಬೇಕು, ಶಾಲೆಗೆ ಬೆಂಚು ಬೇಕು. ‘ಯಾರು ಎಷ್ಟಕ್ಕೆ ಕೊಡುವಿರಿ?’ ಎಂದು ಅದು ಬಹಿರಂಗವಾಗಿ ಕೇಳುತ್ತದೆ. ಕೊಡಬಲ್ಲವರು ತಮ್ಮ ಬೆಲೆಯನ್ನು ಗುಟ್ಟಾಗಿ ಬರೆದು ಮುಂದೆ ಚಾಚುತ್ತಾರೆ. ಪ್ರಶ್ನೆ ಬಹಿರಂಗ, ಉತ್ತರ ಗೋಪ್ಯ: ಈ ಪದ್ಧತಿಯ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ.

ಮನೆಯ ಯಜಮಾನನು ತನಗೆ ಬೇಕಾದ ಅಂಗಡಿಯಲ್ಲಿ ಕೊಳ್ಳುತ್ತಾನೆ, ಕೇಳುವವರಿಲ್ಲ. ಸರ್ಕಾರಕ್ಕೆ ಆ ಸ್ವಾತಂತ್ರ್ಯವೇಕಿಲ್ಲ? ಅದರ ಕೈಯಲ್ಲಿರುವುದು ಸ್ವಂತ ಹಣವಲ್ಲ, ಸರ್ವರ ಹಣ. ಮೇಲಾಗಿ, ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಂವಿಧಾನದ 14ನೆಯ ವಿಧಿ ಸಾರಿದೆ.

ಈ ಸಮಾನತೆ ಗುತ್ತಿಗೆಗೂ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ಬಿಡಿಸಿ ಹೇಳಿತು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಉಪಾಹಾರಗೃಹ ನಡೆಸಲು ಟೆಂಡರು ಕರೆದಿದ್ದರು. ಎರಡನೆಯ ದರ್ಜೆಯ ಹೋಟೆಲು ನಡೆಸಿ ಕನಿಷ್ಠ 5 ವರ್ಷಗಳ ಅನುಭವ ಪಡೆದವರೇ ಬರಬೇಕೆಂಬುದು ಷರತ್ತು. ಕೊನೆಗೆ ಗುತ್ತಿಗೆ ದೊರೆತದ್ದು ಆ ಅರ್ಹತೆ ಇಲ್ಲದವರಿಗೆ. ಹೆಚ್ಚು ಹಣ ಬಂದಿತಲ್ಲ, ನಷ್ಟವೇನು ಎಂದು ಯಾರಾದರೂ ಕೇಳಬಹುದು.

ನಮ್ಮ ಶಾಲೆಯ ಲೋಕದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಪ್ರಬಂಧ ಸ್ಪರ್ಧೆ ಎಂಟನೆಯ ತರಗತಿಯವರಿಗೆ ಮಾತ್ರ ಎಂದು ಫಲಕದಲ್ಲಿ ಬರೆದು, ಬಹುಮಾನವನ್ನು ಹತ್ತನೆಯ ತರಗತಿಯವನಿಗೆ ಕೊಟ್ಟೆವೆನ್ನಿ. ಅವನ ಪ್ರಬಂಧ ಚೆನ್ನಾಗಿರಬಹುದು. ಆದರೆ ಫಲಕವನ್ನು ಓದಿ, ‘ಇದು ನಮಗಲ್ಲ’ ಎಂದು ಲೇಖನಿ ಕೆಳಗಿಟ್ಟ ಒಂಬತ್ತನೆಯ ತರಗತಿಯ ಹುಡುಗಿಯ ಗತಿಯೇನು? ಅನ್ಯಾಯವಾದದ್ದು ಸೋತವರಿಗಷ್ಟೇ ಅಲ್ಲ, ನಿಯಮವನ್ನು ನಂಬಿ ಬಾರದೆ ಉಳಿದವರಿಗೂ. ತಾನೇ ಹಾಕಿದ ಅಳತೆಗೋಲಿಗೆ ಸರ್ಕಾರ ತಾನೂ ಬದ್ಧವೆಂಬುದೇ ಆ ತೀರ್ಪಿನ ಸಾರ. ಆದರೂ ದೂರುದಾರರು ತಡಮಾಡಿ ಬಂದರೆಂಬುದೂ ಒಂದು ಕಾರಣವಾಗಿ, ಆ ಗುತ್ತಿಗೆ ರದ್ದಾಗಲಿಲ್ಲ. ಹಕ್ಕಿದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಕೇಳಬೇಕು.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ, 1999 ಜಾರಿಯಲ್ಲಿದೆ. ಇದರ ಪ್ರಕಾರ ಟೆಂಡರಿಲ್ಲದೆ ಕೊಳ್ಳುವಂತಿಲ್ಲ. ಬೆಲೆ ಕಡಮೆ ಎಂದಮಾತ್ರಕ್ಕೆ ಗೆಲುವಲ್ಲ. ಮೊದಲೇ ಪ್ರಕಟಿಸಿದ ಒರೆಗಲ್ಲಿಗೆ ಉಜ್ಜಿ ನೋಡಿ ಕನಿಷ್ಠವೆಂದು ಕಂಡುದನ್ನು ಒಪ್ಪಬೇಕು. ಅಸಮಾಧಾನವಾದ ಟೆಂಡರುದಾರನು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನೈಸರ್ಗಿಕ ವಿಪತ್ತಿನಂಥ ಸಮಯಕ್ಕೆ 4ನೆಯ ಪ್ರಕರಣದಲ್ಲಿ ವಿನಾಯಿತಿಗಳುಂಟು. ಪ್ರವಾಹ ಬಂದಾಗ ದೋಣಿಗೆ ಟೆಂಡರು ಕರೆಯುತ್ತ ಕುಳಿತಿರಲಾಗದಷ್ಟೆ! ಆದರೆ ಅದೇ ಪ್ರಕರಣದ (ಜಿ) ಖಂಡದಂತೆ ಸರ್ಕಾರವು ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗಳನ್ನು ಟೆಂಡರಿನಿಂದ ಬಿಡಬಹುದು. ಕಿಟಕಿಯಾಗಿ ಇಟ್ಟದ್ದು ಹೆಬ್ಬಾಗಿಲಾಗದಂತೆ ಕಾಯುವುದು ನಾಗರಿಕರ ಕೆಲಸ.

ಕಚೇರಿ ಶುದ್ಧವಾಗಿದ್ದರೂ ಲಕೋಟೆ ಹಾಕುವವರೇ ಒಳಗೊಳಗೆ ಕೈ ಸೇರಿಸಬಹುದು. ‘ಈ ಸಲ ನಿನಗೆ, ಮುಂದಿನ ಸಲ ನನಗೆ’ ಎಂದು ಮಾತಾಡಿಕೊಂಡು, ಮೂವರಲ್ಲಿ ಇಬ್ಬರು ಬೇಕೆಂದೇ ಹೆಚ್ಚು ಬೆಲೆ ಬರೆಯುವರು. ಹೊರಗೆ ನೋಡಿದರೆ ಸ್ಪರ್ಧೆ, ಒಳಗೆ ನಾಟಕ. 2002ರ ಸ್ಪರ್ಧಾ ಅಧಿನಿಯಮದ 3ನೆಯ ಪ್ರಕರಣವು ಇದನ್ನು ನಿಷೇಧಿಸಿದೆ; ಈ ನಿಷೇಧ 2009ರಲ್ಲಿ ಜಾರಿಗೆ ಬಂದಿತು.

ಈಗ ಅರಗಿನ ಮೊಹರಿನ ಸ್ಥಾನವನ್ನು ಗಣಕಯಂತ್ರ ಬಹುಮಟ್ಟಿಗೆ ವಹಿಸಿಕೊಂಡಿದೆ. ಲಕೋಟೆಯ ರೂಪ ಬದಲಾದರೂ ಅದರ ಧರ್ಮ ಬದಲಾಗಿಲ್ಲ. ಊರಿನ ರಸ್ತೆ ಒಂದೇ ಮಳೆಗೆ ಕಿತ್ತುಹೋದಾಗ ಮಳೆಯನ್ನಷ್ಟೇ ಬೈಯದೆ, ಅದರ ಟೆಂಡರಿಗೆ ಎಷ್ಟು ಮಂದಿ ಬಂದಿದ್ದರು, ಷರತ್ತುಗಳೇನಿದ್ದವು ಎಂದೂ ವಿಚಾರಿಸೋಣ. ಮಾಹಿತಿ ಹಕ್ಕು ಅಧಿನಿಯಮ, 2005 ಹಾಗೆ ಕೇಳುವ ಅಧಿಕಾರವನ್ನು ನಮಗೆ ಕೊಟ್ಟಿದೆ.