ಬಯಲುಸೀಮೆಯ ಹೂದೋಟಕ್ಕೆ ತಂಗಡಿ ಗಿಡ

ಬಯಲುಸೀಮೆಯ ಗ್ರಾಮಗಳಲ್ಲಿ ಪಾಠಶಾಲೆ, ಪಂಚಾಯಿತಿ ಕಚೇರಿ, ದೇವಸ್ಥಾನ ಮುಂತಾದವುಗಳ ಮುಂದೆ ಒಂದು ಹೂದೋಟವಿರಬೇಕೆಂಬ ಆಸೆಯು ಗ್ರಾಮದ ಯಜಮಾನರಿಗೂ ಜಮೀನುದಾರರಿಗೂ ಸಹಜವಾಗಿಯೇ ಉಂಟಾಗುವುದು. ಆದರೆ ಹೀಗೆ ಪ್ರಾರಂಭವಾದ ಅನೇಕ ತೋಟಗಳು ಎರಡನೆಯ ಬೇಸಗೆಯನ್ನು ಕಾಣುವುದಿಲ್ಲ. ಪಟ್ಟಣದಿಂದ ತಂದ ಹುಲ್ಲುಹಾಸು, ಗುಲಾಬಿ, ಕ್ರೋಟನ್ ಮುಂತಾದವುಗಳನ್ನು ನೆಟ್ಟು, ಕೊಳವೆ ಬಾವಿಯ ನೀರನ್ನು ಧಾರಾಳವಾಗಿ ಬಿಟ್ಟು, ಬಾವಿಯು ಸೊರಗಿದ ಕೂಡಲೆ ಕೈಬಿಡುವುದೇ ವಾಡಿಕೆಯಾಗಿದೆ.

ಇದರ ಲೆಕ್ಕವನ್ನು ಒಮ್ಮೆ ನೋಡತಕ್ಕದ್ದು. ಒಂದು ಗುಂಟೆ ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ ಸುಮಾರು 2,570 ಲೀಟರು, ಎಂದರೆ 200 ಲೀಟರು ಹಿಡಿಯುವ ಪೀಪಾಯಿಯಲ್ಲಿ ಹದಿಮೂರು ಪೀಪಾಯಿ ನೀರು ಬೇಕು. ಹುಲ್ಲುಹಾಸು ಬೇಸಗೆಯಲ್ಲಿ ಹಸುರಾಗಿ ಉಳಿಯಲು ವಾರಕ್ಕೆ ಹೆಚ್ಚುಕಡಮೆ ಇಷ್ಟೇ ನೀರನ್ನು ಬೇಡುವುದು. ಫೆಬ್ರವರಿಯಿಂದ ಮೇ ತಿಂಗಳ ತನಕ ಹದಿನಾರು ವಾರಗಳಿಗೆ ಒಂದೇ ಗುಂಟೆಗೆ ನಾಲ್ವತ್ತು ಸಾವಿರ ಲೀಟರು ಮೀರಿ ಹೋಗುವುದು. 2023ನೆಯ ಇಸವಿಯಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತೆಂಬುದನ್ನು ವಾಚಕರು ಮರೆತಿರಲಾರರು. ಅಂತಹ ವರ್ಷದಲ್ಲಿ ದನಗಳ ತೊಟ್ಟಿಗೆ ಬೇಕಾದ ನೀರನ್ನು ಹುಲ್ಲುಹಾಸಿಗೆ ಸುರಿಯುವುದು ಯಾವ ಗ್ರಾಮಕ್ಕೂ ಶೋಭೆಯಲ್ಲ.

ಹಾಗೆಂದು ಹೂದೋಟವೇ ಬೇಡವೆಂದಲ್ಲ. ನಮ್ಮ ನೆಲದಲ್ಲಿಯೇ ಹುಟ್ಟಿ, ನಮ್ಮ ಮಳೆಗೇ ಒಗ್ಗಿಕೊಂಡಿರುವ ಹೂಗಿಡಗಳು ಬೇಕಾದಷ್ಟಿವೆ. ಅವುಗಳಲ್ಲಿ ಮೊದಲನೆಯ ಸ್ಥಾನಕ್ಕೆ ಅರ್ಹವಾದುದು ತಂಗಡಿ. ಇದನ್ನು ಕೆಲವು ಸೀಮೆಗಳಲ್ಲಿ ತಂಗಟೆ, ಆವರಿಕೆ, ಹೊನ್ನಾವರಿಕೆ ಎಂದೂ ಕರೆಯುವರು. ವರ್ಷಕ್ಕೆ 20 ಅಂಗುಲದ ಆಚೆ ಈಚೆ ಮಳೆ ಬೀಳುವ ಚಳ್ಳಕೆರೆ, ಹಿರಿಯೂರು, ಪಾವಗಡದ ಕಡೆಗಳಲ್ಲಿ ಬಂಡಿದಾರಿಯ ಅಂಚಿನಲ್ಲಿಯೂ ಬೀಳುನೆಲದಲ್ಲಿಯೂ ಇದು ತಾನಾಗಿ ಬೆಳೆದು, ಹೊನ್ನಿನ ಬಣ್ಣದ ಹೂಗೊಂಚಲುಗಳಿಂದ ತುಂಬಿರುವುದನ್ನು ಎಲ್ಲರೂ ಬಲ್ಲರು. ಕಣ್ಣೆದುರಿಗೇ ಇರುವ ವಸ್ತುವಾದುದರಿಂದಲೇ ಇದಕ್ಕೆ ಬೆಲೆಯಿಲ್ಲದೆ ಹೋಗಿದೆಯೆಂದು ತೋರುತ್ತದೆ. ನೆರೆಯ ತೆಲಂಗಾಣದವರಾದರೋ ಬತುಕಮ್ಮ ಹಬ್ಬದಲ್ಲಿ ಈ ಹೂವನ್ನು ಸುತ್ತುಸುತ್ತಾಗಿ ಜೋಡಿಸಿ ಪೂಜಿಸುವರು. 2014ರಲ್ಲಿ ಇದನ್ನೇ ತಮ್ಮ ರಾಜ್ಯಪುಷ್ಪವನ್ನಾಗಿ ಆರಿಸಿಕೊಂಡರು.

ತೋಟಕ್ಕೆ ತರುವ ಮುನ್ನ ಗಿಡವನ್ನು ಸರಿಯಾಗಿ ಗುರುತಿಸುವುದು ಅತ್ಯವಶ್ಯಕ. ಇದೇ ಕುಲಕ್ಕೆ ಸೇರಿದ ಹಳದಿ ಹೂವಿನ ಸಸ್ಯಗಳು ಹಲವಿರುವುದೇ ಇದಕ್ಕೆ ಕಾರಣ. ತಂಗಡಿಯ ಎಲೆಯ ಬುಡದಲ್ಲಿ ಕಿವಿಯ ಆಕಾರದ ಅಗಲವಾದ ಎರಡು ಪುಟ್ಟ ಎಲೆಗಳು ಕಾಂಡವನ್ನು ಅಪ್ಪಿಕೊಂಡಿರುವುವು. 1753ರಲ್ಲಿ ಲಿನೇಯಸ್ ಪಂಡಿತನು ಇದಕ್ಕೆ ‘ಆರಿಕ್ಯುಲೇಟ’, ಎಂದರೆ ಕಿವಿಯುಳ್ಳದ್ದು, ಎಂಬ ಹೆಸರನ್ನಿಟ್ಟದ್ದು ಈ ಲಕ್ಷಣದಿಂದಲೇ. ಕಾಯಿಯು ಚಪ್ಪಟೆಯಾಗಿ, ಒಣಗಿದಾಗ ಕಾಗದದಂತೆ ತೆಳ್ಳಗಿರುವುದು. ‘ಸೆನ್ನ ಸ್ಪೆಕ್ಟಾಬಿಲಿಸ್’ ಎಂಬ ಅಮೆರಿಕಾ ಖಂಡದ ಮರವೂ ಹಳದಿ ಹೂ ಬಿಡುವುದು. ಆದರೆ ಅದರ ಕಾಯಿ ಕೋಲಿನಂತೆ ಉದ್ದವಾಗಿ ಗುಂಡಾಗಿರುತ್ತದೆ. ಅಂದಕ್ಕಾಗಿ ತಂದ ಈ ಮರವು ಇಂದು ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಹಬ್ಬಿ, ಅಲ್ಲಿಯ ಸಹಜವಾದ ಗಿಡಹುಲ್ಲುಗಳನ್ನು ಅಡಗಿಸುತ್ತಿದೆ. ‘ಹಳದಿ ಹೂವಿನ ಗಿಡ’ ಎಂದು ಸಸಿ ಮಾರುವವರು ಹೇಳಿದ ಮಾತ್ರಕ್ಕೆ ಯಾರೂ ಕೊಳ್ಳಬಾರದು. ಕಿವಿಯೆಲೆಗಳನ್ನು ನೋಡಿಯೇ ನಂಬತಕ್ಕದ್ದು.

ಬೇಸಾಯ ಕ್ರಮವು ಬಹು ಸುಲಭ. ಕೆಂಪು ಗರಜು ಭೂಮಿಯಾಗಲಿ ಎರೆಯಾಗಲಿ ಆದೀತು. ನೀರು ನಿಲ್ಲುವ ತಗ್ಗು ಮಾತ್ರ ಆಗದು. ಬೀಜದ ಹೊರಸಿಪ್ಪೆ ಬಲು ಗಟ್ಟಿಯಾದುದರಿಂದ ಹಾಗೆಯೇ ಬಿತ್ತಿದರೆ ಕೆಲವು ಮಾತ್ರ ಮೊಳೆತು, ಉಳಿದವು ನೆಲದಲ್ಲಿಯೇ ಕಾದು ಕುಳಿತಿರುವುವು. ಆದಕಾರಣ ನೀರನ್ನು ಕುದಿಸಿ ಒಲೆಯಿಂದಿಳಿಸಿ, ಸ್ವಲ್ಪ ಆರಿದ ಮೇಲೆ ಬೀಜವನ್ನು ಅದರಲ್ಲಿ ಹಾಕಿ, ಒಂದು ರಾತ್ರಿ ನೆನೆಯಬಿಡಬೇಕು. ಒರಟು ಕಲ್ಲಿನ ಮೇಲೆ ಮರಳಿನೊಡನೆ ಮೆಲ್ಲಗೆ ಉಜ್ಜಿ ನೆನೆಹಾಕುವುದೂ ಉಂಟು. ಮುಂಗಾರು ಹಿಡಿದ ಮೇಲೆ, ನೆಲವು ಚೆನ್ನಾಗಿ ತೋಯ್ದಿರುವಾಗ, ನಿಂತ ಜಾಗದಲ್ಲಿಯೇ ಗುಣಿಗೆ ಮೂರು ಬೀಜದಂತೆ ಅರ್ಧ ಅಂಗುಲ ಆಳದಲ್ಲಿ ಊರಿ, ಮೊಳೆತ ತರುವಾಯ ಬಲವಾದ ಒಂದನ್ನು ಉಳಿಸಿಕೊಳ್ಳತಕ್ಕದ್ದು. ಕುಂಡದಲ್ಲಿ ಬೆಳೆಸಿ ನಾಟಿ ಮಾಡುವುದನ್ನು ನಾವು ಅಷ್ಟಾಗಿ ಮೆಚ್ಚುವುದಿಲ್ಲ. ಈ ಗಿಡದ ಬಲವೆಲ್ಲ ಅದರ ತಾಯಿಬೇರಿನಲ್ಲಿದೆ. ಕುಂಡದಲ್ಲಿ ಆ ಬೇರು ಸುರುಳಿಕೊಂಡರೆ ಅದು ಆಳಕ್ಕಿಳಿಯದು, ಬರಗಾಲವನ್ನೂ ತಡೆಯದು.

ಗಿಡದಿಂದ ಗಿಡಕ್ಕೆ ಆರು ಅಡಿ ಬಿಟ್ಟರೆ ಗುಂಟೆಗೆ ಮೂವತ್ತು ಗಿಡಗಳಾಗುವುವು. ಮೊದಲನೆಯ ವರ್ಷ ಮಳೆ ತಪ್ಪಿದಾಗ ಎಂಟು ಹತ್ತು ದಿನಗಳಿಗೊಮ್ಮೆ ಗಿಡಕ್ಕೆ ಎರಡು ಲೀಟರು ನೀರು ಹಾಕಿದರೆ ಸಾಕು. ಗುಂಟೆಯೊಂದಕ್ಕೆ ಅರವತ್ತು ಲೀಟರು! ಮೇಲೆ ಹೇಳಿದ ಹದಿಮೂರು ಪೀಪಾಯಿಗಳೊಡನೆ ಇದನ್ನು ಹೋಲಿಸಿ ನೋಡಬಹುದು. ಬೇರು ಇಳಿದ ಮೇಲೆ ಅದನ್ನೂ ನಿಲ್ಲಿಸತಕ್ಕದ್ದು. ಮುದ್ದಿನಿಂದ ನೀರು ಗೊಬ್ಬರಗಳನ್ನು ಹೆಚ್ಚಾಗಿ ಕೊಟ್ಟರೆ ಎಲೆ ಬೆಳೆಯುವುದೇ ಹೊರತು ಹೂ ಹೆಚ್ಚದು. ಮೇ ತಿಂಗಳ ಕೊನೆಯಲ್ಲಿ ಹಳೆಯ ಕೊಂಬೆಗಳನ್ನು ನೆಲದಿಂದ ಒಂದಡಿಗೆ ಸವರಿದರೆ, ಮಳೆ ಬಿದ್ದೊಡನೆ ಹೊಸ ಚಿಗುರು ಬಂದು ಗಿಡವು ಗುಂಪಾಗಿ ತುಂಬಿಕೊಳ್ಳುವುದು. ಬುಡದಲ್ಲಿ ವಿಷ್ಣುಕ್ರಾಂತಿಯನ್ನೂ ನಡುನಡುವೆ ಗೋರಂಟೆಯನ್ನೂ ಬಿಟ್ಟರೆ ನೋಟಕ್ಕೆ ಇನ್ನಷ್ಟು ಸೊಗಸು. ಬೇಲಿಗಾಗಿ ಬೆಳೆಸುವವರು ಒಂದೂವರೆ ಅಡಿ ಅಂತರದಲ್ಲಿ ಎರಡು ಸಾಲು ಬಿತ್ತಬಹುದು. ದನಗಳು ಇದನ್ನು ಸಾಧಾರಣವಾಗಿ ಮೇಯುವುದಿಲ್ಲ. ಎಳೆಯ ಸಸಿಗಳನ್ನು ತುಳಿಯದಂತೆ ಮಾತ್ರ ಒಂದು ವರ್ಷ ಕಾಯಬೇಕು. ಬಿಳಿ, ತಿಳಿಹಳದಿ ಚಿಟ್ಟೆಗಳ ಹುಳುಗಳು ಕೆಲವು ದಿನ ಎಲೆಯನ್ನು ತಿನ್ನುವುವು. ಔಷಧಿ ಹೊಡೆಯುವ ಕಾರಣವಿಲ್ಲ. ಗಿಡವು ಮತ್ತೆ ಚಿಗುರುವುದು.

ಈ ಗಿಡದಿಂದ ಯಾವುದು ದೊರೆಯದೆಂಬುದನ್ನೂ ಹೇಳಿಬಿಡುವುದು ನ್ಯಾಯ. ಅವರೆ, ಹುರುಳಿಗಳ ದೊಡ್ಡ ಕುಟುಂಬಕ್ಕೆ ಇದು ಸೇರಿದ್ದರೂ ಬೇರಿನಲ್ಲಿ ಗಂಟುಗಳನ್ನು ಕಟ್ಟುವುದಿಲ್ಲ; ಆದುದರಿಂದ ಗಾಳಿಯ ಸಾರಜನಕವನ್ನು ಭೂಮಿಗೆ ಸೇರಿಸುವುದೆಂದು ನಂಬಬಾರದು. ಸವರಿದ ಸೊಪ್ಪು ಮಾತ್ರ ಒಳ್ಳೆಯ ಹಸುರುಗೊಬ್ಬರ. ಗದ್ದೆಗಳಿಗೆ ಹಾಕಿ ತುಳಿಯುವ ಪದ್ಧತಿಯು ಹಿಂದಿನಿಂದಲೂ ಇದೆ. ಹೂವಿನಲ್ಲಿ ಮಕರಂದವಿಲ್ಲವಾದುದರಿಂದ ಜೇನು ಸಾಕುವವರಿಗೂ ಹೇಳಿಕೊಳ್ಳುವಂತಹ ಲಾಭವಿಲ್ಲ. ದಪ್ಪನೆಯ ಕಪ್ಪು ದುಂಬಿಗಳು ಹೂವನ್ನು ಹಿಡಿದು ಝೇಂಕರಿಸಿ, ಆ ನಡುಕದಿಂದಲೇ ಪರಾಗವನ್ನು ಉದುರಿಸಿಕೊಳ್ಳುವುದು ನೋಡತಕ್ಕ ವಿಷಯ. ಮಧುಮೇಹಕ್ಕೆ ಈ ಹೂವಿನ ಕಷಾಯವನ್ನು ಹೇಳುವವರುಂಟು. ಅದು ವೈದ್ಯರಿಗೆ ಸೇರಿದ ಮಾತು.

ಒಂದು ಕಾಲದಲ್ಲಿ ತಂಗಡಿಗೆ ಪೇಟೆಯೂ ಇದ್ದಿತು. ಇದರ ತೊಗಟೆಯಲ್ಲಿ ಚರ್ಮವನ್ನು ಹದಮಾಡುವ ಒಗರು ಸತ್ತ್ವವು ಬಹಳವಾಗಿರುವುದರಿಂದ ದಕ್ಷಿಣ ದೇಶದ ಚರ್ಮದ ವ್ಯಾಪಾರವು ಬಹುಕಾಲ ಇದನ್ನೇ ಅವಲಂಬಿಸಿತ್ತು. ದಕ್ಷಿಣ ಆಫ್ರಿಕದಿಂದ ವಾಟಲ್ ತೊಗಟೆ ಬರತೊಡಗಿದ ಮೇಲೆ ಆ ಬೇಡಿಕೆ ಕುಗ್ಗಿತು. ಬೇಡಿಕೆ ಕುಗ್ಗಿದ ಗಿಡವನ್ನು ಕಳೆಯೆಂದು ಭಾವಿಸುವುದು ಸುಲಭ. ಈಗ ಬೀಳುನೆಲವನ್ನೂ ದಾರಿಯಂಚನ್ನೂ ಯಂತ್ರಗಳಿಂದ ಹಸನು ಮಾಡಿಸುವಾಗ ಮೊದಲು ಕಿತ್ತುಹೋಗುವುದು ಇದೇ. ಆ ಬರಿದಾದ ನೆಲದಲ್ಲಿ ತರುವಾಯ ಏಳುವುದು ಅನೇಕ ವೇಳೆ ಬಳ್ಳಾರಿ ಜಾಲಿ.

ಆದಕಾರಣ ಇಂತಹ ಕೆಲಸವನ್ನು ಮಾಡಿಸತಕ್ಕ ಯಜಮಾನರು, ಯಂತ್ರವನ್ನು ಕರೆಸುವುದಕ್ಕೆ ಮುಂಚೆ, ಕಾಯಿಗಳು ಕಂದುಬಣ್ಣಕ್ಕೆ ತಿರುಗಿ ಒಣಗುವ ತನಕ ಕಾದು, ಅವುಗಳನ್ನು ಬಿಡಿಸಿಟ್ಟುಕೊಳ್ಳಬೇಕೆಂದು ಸೂಚಿಸುತ್ತೇವೆ. ಒಂದೊಂದು ಕಾಯಿಯಲ್ಲಿ ಹತ್ತರಿಂದ ಇಪ್ಪತ್ತು ಬೀಜಗಳಿರುವುವು. ಎರಡು ದಿನ ನೆರಳಿನಲ್ಲಿ ಹರಡಿ, ಹುಳು ಕೊರೆದವನ್ನು ಆರಿಸಿ ತೆಗೆದು, ಬೇವಿನ ಒಣ ಎಲೆಯೊಡನೆ ಬಿಗಿಯಾದ ಡಬ್ಬಿಯಲ್ಲಿ ತುಂಬಿಟ್ಟರೆ ಮುಂದಿನ ಮುಂಗಾರಿನ ಬಿತ್ತನೆಗೆ ಒದಗುವುದು.