ಬಿಸಿಲೂಟಕ್ಕೆ ಕುಳಿತ ಪಾರ್ಫಿರಿನ್

ಪಾಲಕ್ ಸೊಪ್ಪನ್ನು ಅರೆದು, ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದರೆ ಕಡುಹಸಿರು ದ್ರಾವಣ ಸಿಗುತ್ತದೆ. ಅದನ್ನು ಪ್ರನಾಳದಲ್ಲಿ ತುಂಬಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ. ಹಸಿರು ಮಾಯವಾಗಿ ರಕ್ತಗೆಂಪು ಕಾಣಿಸುತ್ತದೆ! ಪ್ರತಿ ವರ್ಷವೂ ಇದನ್ನು ತೋರಿಸಿದಾಗ ಹತ್ತನೆಯ ತರಗತಿಯ ಮಕ್ಕಳು ಬೆಂಚು ಬಿಟ್ಟು ಮೇಜನ್ನು ಮುತ್ತಿಕೊಳ್ಳುತ್ತಾರೆ. ಬೆಳಕು ಹೀರಿದ ಪತ್ರಹರಿತ್ತಿಗೆ ಆ ಶಕ್ತಿಯನ್ನು ದಾಟಿಸಲು ಪಕ್ಕದಲ್ಲಿ ಯಾರೂ ಇಲ್ಲ. ಎಲೆಯೊಳಗಿದ್ದ ಏರ್ಪಾಡನ್ನು ನಾವೇ ಅರೆದುಬಿಟ್ಟಿದ್ದೇವಲ್ಲ! ಅದಕ್ಕೇ ಒಂದಿಷ್ಟನ್ನು ಕೆಂಪು ಬೆಳಕಾಗಿ ಚೆಲ್ಲುತ್ತದೆ.

ಹೀರುವುದು ಒಂದು ಕೆಲಸ, ಹೀರಿದ್ದನ್ನು ದಾಟಿಸುವುದು ಇನ್ನೊಂದು. ಸೌರಕೋಶಕ್ಕೆ ಎರಡೂ ಬೇಕು.

ಪತ್ರಹರಿತ್ತು ಪಾರ್ಫಿರಿನ್ ಮನೆತನದ್ದು. ನಾಲ್ಕು ಪಿರೋಲ್ ಉಂಗುರಗಳು ಸೇರಿ ಆದ ದೊಡ್ಡ ಬಳೆಯೇ ಪಾರ್ಫಿರಿನ್. ನಡುವೆ ಕಬ್ಬಿಣ ಕುಳಿತರೆ ನಮ್ಮ ರಕ್ತದ ಹೀಮ್. ಪತ್ರಹರಿತ್ತಿನಲ್ಲಿ ಆ ಜಾಗ ಮೆಗ್ನೀಸಿಯಮ್‌ನದು. ಈ ಬಳೆಗಳು 400 ನ್ಯಾನೊಮೀಟರ್ ಆಸುಪಾಸಿನ ನೇರಳೆ-ನೀಲಿ ಬೆಳಕನ್ನು ಗಬಗಬನೆ ನುಂಗುತ್ತವೆ. 1883ರಲ್ಲಿ ರಕ್ತದಲ್ಲಿ ಇದನ್ನು ಗುರುತಿಸಿದ ಸ್ವಿಸ್ ವಿಜ್ಞಾನಿ ಸೊರೆ ಅವರ ಹೆಸರೇ ಆ ಪಟ್ಟಿಗಿದೆ. ಆಮೇಲೆ 500ರಿಂದ 650ರವರೆಗೆ ಬರೀ ರುಚಿ ನೋಡುವಷ್ಟು. ಬಿಸಿಲು ಧಾರಾಳವಾಗಿರುವುದು ಅಲ್ಲೇ! ಬಾಳೆಲೆಯ ಅಂಚಿನ ಪಲ್ಯ, ಕೋಸಂಬರಿ ತಿಂದು, ನಡುವಿನ ಅನ್ನ ಬಿಟ್ಟು ಎದ್ದಂತೆ.

1991ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಮೈಕೆಲ್ ಗ್ರೆಟ್ಸೆಲ್ ಮತ್ತು ಬ್ರಯಾನ್ ಓರೆಗನ್ ಬಣ್ಣದ ಸೌರಕೋಶವೊಂದನ್ನು ಪ್ರಕಟಿಸಿದರು. ಬಿಳಿ ಪೇಂಟಿಗೆ ಬೆರೆಸುವ ಟೈಟಾನಿಯಮ್ ಡೈಆಕ್ಸೈಡ್‌ನ ಸೂಕ್ಷ್ಮ ಕಣಗಳಿಗೆ ಬಣ್ಣದ ಅಣುಗಳನ್ನು ಅಂಟಿಸಿದ ಕೋಶ ಅದು. ಬೆಳಕು ಬಿದ್ದಾಗ ಬಣ್ಣ ತನ್ನ ಎಲೆಕ್ಟ್ರಾನನ್ನು ಕಣಕ್ಕೆ ದಾಟಿಸುತ್ತದೆ. ಕಳೆದುಕೊಂಡದ್ದನ್ನು ಸುತ್ತಲಿನ ದ್ರವ ತುಂಬಿಕೊಡುತ್ತದೆ. ಅಂದಿನ ಬಣ್ಣದಲ್ಲಿದ್ದುದು ದುಬಾರಿ ರುಥೇನಿಯಮ್. ಸತುವಿನ ಪಾರ್ಫಿರಿನ್ನಿನ ಮೇಲೆ ಕಣ್ಣು ಬಿದ್ದದ್ದಕ್ಕೆ ಇದೂ ಒಂದು ಕಾರಣ.

ಆದರೆ ಆ ನಡುವಿನ ಅನ್ನ? ರಸಾಯನಶಾಸ್ತ್ರಜ್ಞರು ಬಳೆಯ ಒಂದು ತುದಿಗೆ ಎಲೆಕ್ಟ್ರಾನನ್ನು ತಳ್ಳುವ ಗುಂಪನ್ನೂ, ಇನ್ನೊಂದು ತುದಿಗೆ ಅದನ್ನು ಎಳೆದುಕೊಂಡು ಕಣಕ್ಕೆ ಅಂಟುವ ಆಮ್ಲದ ಗುಂಪನ್ನೂ ಜೋಡಿಸಿದರು. ಹೀರುವ ಪಟ್ಟಿಗಳು ಅಗಲವಾಗಿ ಕೆಂಪಿನ ಕಡೆಗೆ ಸರಿದವು. ಈ ಚಪ್ಪಟೆ ಅಣುಗಳು ಹಪ್ಪಳದಂತೆ ಒಂದರ ಮೇಲೊಂದು ಕುಳಿತರೆ ಶಕ್ತಿ ಪೋಲಾಗುತ್ತದೆ. ಅದಕ್ಕೆ ಸುತ್ತಲೂ ಉದ್ದನೆಯ ಕಾರ್ಬನ್ ಸರಪಳಿಗಳನ್ನು ಇಳಿಬಿಟ್ಟರು. 2011ರಲ್ಲಿ ಇಂಥ ಬಣ್ಣವೊಂದು ಶೇ 12.3 ದಕ್ಷತೆ ಮುಟ್ಟಿತು. ಆದರೆ ಉಳಿದ ಬೆಳಕಿಗೆ ಮತ್ತೊಂದು ಬಣ್ಣದ ನೆರವು ಬೇಕಾಯಿತು. 2014ರಲ್ಲಿ ಬಳೆಗೂ ಅಂಟಿಗೂ ನಡುವೆ ಬೆಂಜೊಥಯಾಡಯಜೋಲ್ ಎಂಬ ತುಣುಕನ್ನು ಸೇರಿಸಿದರು (ಹೆಸರು ಹೇಳಲು ನನಗೂ ನಾಲಿಗೆ ತೊಡರುತ್ತದೆ). ನಡುವಿನ ಹಳ್ಳ ಬಹಳಷ್ಟು ತುಂಬಿತು. ಎಸ್‌ಎಂ315 ಎಂಬ ಈ ಬಣ್ಣ ಒಂಟಿಯಾಗಿಯೇ ಶೇ 13 ತಲುಪಿತು.

ಅದು ಪ್ರಯೋಗಾಲಯದ ಪುಟ್ಟ ಕೋಶದ ಲೆಕ್ಕ. ಇಂದು ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಫಲಕವೇ ಶೇ 20 ದಾಟಿದೆ. ಎಸ್‌ಎಂ315ನಂಥ ಅಣುವನ್ನು ಕಟ್ಟಲು ಹಲವು ಹಂತಗಳ ದುಡಿಮೆ ಬೇಕು; ಒಳಗಿನ ದ್ರವ ಸೋರದಂತೆ ಕಾಯಬೇಕು. ಮನೆಯ ಮಾಡಿಗೆ ನಾಳೆಯೇ ಬರುತ್ತದೆ ಎಂದು ನಾನಂತೂ ಮಕ್ಕಳಿಗೆ ಹೇಳುವುದಿಲ್ಲ. ಆದರೆ ಬಣ್ಣದ ಕೋಶಕ್ಕೆ ಮಂದ ಬೆಳಕೂ ಸಾಕು, ಗಾಜಿನಂತೆ ಪಾರದರ್ಶಕವಾಗಿಯೂ ಇರಬಲ್ಲದು. 2014ರಲ್ಲಿ ತೆರೆದ ಲೋಸಾನ್‌ನ ಸಭಾಭವನವೊಂದರ ಗಾಜಿನ ಗೋಡೆಗೆ ಬಣ್ಣದ ಕೋಶಗಳನ್ನೇ ಕೂರಿಸಿದ್ದಾರೆ.